ಶೆಲ್ಫ್ ಬಿದ್ದರೆ ಯಾರ ತಪ್ಪು? ಡ್ರಿಲ್ ಹಿಡಿದವರು ನೋಡಲೇಬೇಕಾದ ವಿಡಿಯೋ

[ಮೇಜಿನ ಮೇಲೆ ಒಂದು ಹಲಗೆ, ಎರಡು ಬ್ರಾಕೆಟ್, ಬಾಗಿದ ಒಂದು ಸ್ಕ್ರೂ]

ನಮಸ್ಕಾರ. ಈ ಸ್ಕ್ರೂ ನೋಡಿ. ಒಂದು ಇಂಚು ಉದ್ದ. ಆರು ವರ್ಷದಿಂದ ನನ್ನ ಟೂಲ್ ಬಾಕ್ಸಿನಲ್ಲೇ ಇದೆ. ಕೆಲಸಕ್ಕಲ್ಲ, ನೆನಪಿಗೆ.

ಕೊಪ್ಪದ ಹತ್ತಿರ ಒಂದು ಹಳೇ ಮನೆ. ಅಡುಗೆಮನೆಯಲ್ಲಿ ಮೂರು ಅಡಿ ಉದ್ದದ ಶೆಲ್ಫ್ ಬೇಕು ಎಂದರು. ಗೋಡೆಗೆ ಸಿಮೆಂಟ್ ಗಾರೆ, ಮೇಲೆ ಪೇಂಟ್. ನೋಡೋಕೆ ಗಟ್ಟಿಯಾಗಿತ್ತು. ಅರ್ಧ ಗಂಟೆಯಲ್ಲಿ ಮುಗಿಸಿ, ದುಡ್ಡು ತಗೊಂಡು ಚಿಕ್ಕಮಗಳೂರಿಗೆ ವಾಪಸ್ ಬಂದೆ. ಒಂಬತ್ತನೇ ದಿನ ಫೋನ್ ಬಂತು. ರಾತ್ರಿ ಹಲಗೆ ಕಿತ್ತುಕೊಂಡು ಬಿದ್ದಿದೆ, ಉಪ್ಪಿನಕಾಯಿ ಜಾಡಿಗಳು ಚೂರು ಚೂರು. ಹಗಲು ಹೊತ್ತು ಅದೇ ಜಾಗದಲ್ಲಿ ಆ ಮನೆಯ ಅಜ್ಜಿ ತುರಿಮಣೆ ಹಾಕಿಕೊಂಡು ಕೂರುತ್ತಾರೆ.

ಹೋಗಿ ನೋಡಿದೆ. ಗಾರೆಯ ಹಿಂದೆ ಇದ್ದದ್ದು ಮಣ್ಣಿನ ಗೋಡೆ. ಡ್ರಿಲ್ ಮಾಡುವಾಗ ಕಂದು ಬಣ್ಣದ ಮೆತ್ತನೆ ಪುಡಿ ಉದುರಿದ್ದನ್ನು ನಾನು ನೋಡಿದ್ದೆ. ನೋಡಿಯೂ ನಿಲ್ಲಿಸಲಿಲ್ಲ.

"ಅಲ್ಲೇ ಬೇಕು ಅಂತ ನೀವೇ ಹೇಳಿದ್ದಲ್ವಾ" ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಜಾಗ ತೋರಿಸುವುದು ಮನೆಯವರ ಕೆಲಸ. ಆ ಜಾಗ ಭಾರ ತಡೆಯುತ್ತದೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಅದು ಅವರಿಗೆ ಗೊತ್ತಿದ್ದರೆ ನನ್ನನ್ನು ಯಾಕೆ ಕರೆಯುತ್ತಿದ್ದರು?

[ಡ್ರಿಲ್ ಮಾಡುವ ದೃಶ್ಯ. ತೂತಿನ ಕೆಳಗೆ ಹಿಡಿದ ಬಿಳಿ ಕಾಗದದ ಮೇಲೆ ಪುಡಿ]

ಅದಕ್ಕೆ ಮೊದಲ ತೂತು ಕೊರೆಯುವಾಗ ಕೆಳಗೆ ಒಂದು ಕಾಗದ ಹಿಡಿಯಿರಿ. ಗೋಡೆ ಎಂಥದ್ದು ಎಂದು ಆ ಪುಡಿಯೇ ಹೇಳುತ್ತದೆ. ಮೊದಲು ಬರುವುದು ಗಾರೆಯ ಬೂದು ಪುಡಿ. ಒಳಗಿನ ಗೋಡೆಗೆ ಗಾರೆ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ 12 ಮಿಲಿಮೀಟರ್ ಇರುತ್ತದೆ. ಆಮೇಲೆ ಕೆಂಪಗೆ, ಸ್ವಲ್ಪ ತರಿಯಾಗಿ ಬಂದರೆ ಸುಟ್ಟ ಇಟ್ಟಿಗೆ. ಅದು ಒಳ್ಳೆಯ ಗೋಡೆ. ಬೂದು ಪುಡಿಯೇ ಮುಂದುವರಿದು ಡ್ರಿಲ್ ನಿಧಾನವಾದರೆ ಕಾಂಕ್ರೀಟ್ ಅಥವಾ ಗಟ್ಟಿ ಬ್ಲಾಕ್. ಕೊರೆಯುತ್ತಾ ಇದ್ದ ಹಾಗೆ ಬಿಟ್ ತಟ್ಟನೆ ಒಳಗೆ ನುಗ್ಗಿತಾ? ಅದು ಹಾಲೋ ಬ್ಲಾಕ್, ಒಳಗೆ ಖಾಲಿ. ತೂತಿಗೆ ತುರುಕಿ ಸ್ಕ್ರೂ ಬಿಗಿಯುವ ಮಾಮೂಲಿ ಪ್ಲಾಸ್ಟಿಕ್ ಪ್ಲಗ್‌ಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಒಳಗೆ ಹೋಗಿ ರೆಕ್ಕೆ ಬಿಚ್ಚುವಂಥ ಆಂಕರ್ ಬೇಕು. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿದು, ಬೂದಿ ಬಿಳುಪಿನ ನುಣ್ಣನೆ ಪುಡಿ ಬಂದರೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್. ಅದಕ್ಕೆ ಅಂತಲೇ ಉದ್ದನೆಯ ಪ್ಲಗ್ ಸಿಗುತ್ತದೆ. ಡ್ರಿಲ್ಲಿನ ಹ್ಯಾಮರ್ ಮೋಡ್, ಅಂದರೆ ಕುಟ್ಟುತ್ತಾ ಕೊರೆಯುವುದನ್ನು, ಆಫ್ ಮಾಡಿ ಕೊರೆಯಬೇಕು, ಇಲ್ಲದಿದ್ದರೆ ತೂತು ಅಗಲವಾಗಿಬಿಡುತ್ತದೆ.

ಕಂದು ಮಣ್ಣು ಬಂದರೆ? ಡ್ರಿಲ್ ಕೆಳಗಿಡಿ. ಮಲೆನಾಡಿನ ಹಳೇ ಮನೆಗಳಲ್ಲಿ ಗೋಡೆ ಒಂದೂವರೆ ಅಡಿ ದಪ್ಪ ಇದ್ದರೂ ಸ್ಕ್ರೂ ಹಿಡಿಯುವ ಶಕ್ತಿ ಅದಕ್ಕಿಲ್ಲ. ಅಲ್ಲಿ ನೇತುಹಾಕುವ ಶೆಲ್ಫ್ ಬೇಡವೇ ಬೇಡ.

[ಸ್ಪ್ರಿಂಗ್ ತಕ್ಕಡಿ ಕಟ್ಟಿದ ಬ್ರಾಕೆಟ್]

ಈಗ ತೂಕದ ವಿಷಯ. ನಮ್ಮವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಶೆಲ್ಫ್ ಸುಮ್ನೆ ಕೆಳಕ್ಕೆ ಜಾರಿ ಬೀಳುವುದು ಕಡಿಮೆ. ಅದು ಮುಂದಕ್ಕೆ ಮಗುಚುತ್ತದೆ. ಹಾರೆ ಹಾಕಿ ಕಲ್ಲು ಮೀಟುತ್ತೇವಲ್ಲ, ಹಾಗೆ ಹಲಗೆಯು ಬ್ರಾಕೆಟ್ಟಿನ ಮೇಲ್ತುದಿಯ ಸ್ಕ್ರೂವನ್ನು ಮೀಟಿ ಕೀಳುತ್ತದೆ.

ಲೆಕ್ಕ ನೋಡಿ. ಹಲಗೆ ಒಂದು ಅಡಿ ಅಗಲ. ಮೇಲೆ 24 ಕೆಜಿ ಸಾಮಾನು ಹರಡಿದೆ ಅಂದುಕೊಳ್ಳಿ. ಅದರ ಭಾರ ಗೋಡೆಯಿಂದ ಸುಮಾರು 6 ಇಂಚು ದೂರದಲ್ಲಿ ಕೂರುತ್ತದೆ. ಮೇಲಿನ ಸ್ಕ್ರೂವಿನಿಂದ ಬ್ರಾಕೆಟ್ಟಿನ ಕೆಳತುದಿಗೆ 4 ಇಂಚು. 24ನ್ನು 6ರಿಂದ ಗುಣಿಸಿ, 4ರಿಂದ ಭಾಗಿಸಿ. ಮೇಲಿನ ಸ್ಕ್ರೂಗಳನ್ನು ಒಟ್ಟು 36 ಕೆಜಿ ಹೊರಕ್ಕೆ ಎಳೆಯುತ್ತಿದೆ. ಅದೇ ಸಾಮಾನನ್ನು ಹಲಗೆಯ ಅಂಚಿಗೆ ತಂದಿಟ್ಟರೆ 72 ಕೆಜಿ! ಬ್ರಾಕೆಟ್ 8 ಇಂಚು ಎತ್ತರದ್ದಾದರೆ ಈ ಎಳೆತ ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ಬ್ರಾಕೆಟ್ಟಿಗೆ ಇನ್ನೂರು ರೂಪಾಯಿ ಜಾಸ್ತಿಯಾದರೂ ಮನೆಯವರಿಗೆ ಈ ಲೆಕ್ಕ ತೋರಿಸಿ ಕೇಳಿ. ನನಗೆ ಇವತ್ತಿನವರೆಗೂ ಯಾರೂ ಬೇಡ ಎಂದಿಲ್ಲ.

"ಬರೀ ಖಾಲಿ ಡಬ್ಬ ಇಡೋದು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹಬ್ಬ ಬಂದಾಗ ಐದು ಲೀಟರ್ ಎಣ್ಣೆ ಕ್ಯಾನ್ ಬರುತ್ತದೆ, ಬೆಲ್ಲ ಬರುತ್ತದೆ, ಕುಕ್ಕರ್ ಮೇಲೇರುತ್ತದೆ. ಆ ದಿನದ ಭಾರಕ್ಕೆ ಶೆಲ್ಫ್ ಹಾಕಬೇಕು.

ಸ್ಕ್ರೂ ಎಷ್ಟುದ್ದ? ನನ್ನ ಈ ಒಂದಿಂಚಿನದ್ದರಲ್ಲಿ ಅರ್ಧ ಗಾರೆಯಲ್ಲೇ ಕಳೆದುಹೋಗಿತ್ತು. ಇಟ್ಟಿಗೆ ಗೋಡೆಗೆ ನಾನು ಈಗ ಎರಡೂವರೆ ಇಂಚಿಗಿಂತ ಕಡಿಮೆ ಹಾಕುವುದಿಲ್ಲ. ಅದೂ ಇಟ್ಟಿಗೆಯ ಮೈಗೆ, ಎರಡು ಇಟ್ಟಿಗೆಯ ಸಂದಿಗಲ್ಲ. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಅಗ್ಗ ಎಂದು ಹಾಕಬೇಡಿ. ಅದು ಬಾಗುವ ಮೊದಲೇ ಪಟ್ ಅಂತ ಮುರಿಯುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ತುಕ್ಕೂ ಬೇಗ. ಪಾರ್ಟಿಕಲ್ ಬೋರ್ಡ್ ಕೂಡ ತೇವಕ್ಕೆ ಉಬ್ಬಿ ಸ್ಕ್ರೂ ಬಿಟ್ಟುಬಿಡುತ್ತದೆ. ಅಡುಗೆಮನೆಗೆ ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮರೈನ್ ಪ್ಲೈವುಡ್ ತನ್ನಿ.

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಕೊರೆಯಬೇಡಿ, ಒಳಗೆ ವೈರ್ ಇರುತ್ತದೆ. ನಲ್ಲಿಯ ಹತ್ತಿರವೂ ಅಷ್ಟೇ.

ಎತ್ತರದ ಬೀರು, ಪುಸ್ತಕದ ರ‍್ಯಾಕ್ ಜೋಡಿಸಿಕೊಟ್ಟರೆ ಮೇಲ್ಗಡೆ ಗೋಡೆಗೆ ಕಟ್ಟಿಯೇ ಬನ್ನಿ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲ ಹಾಗೆ ಹತ್ತುತ್ತಾರೆ. ಅಮೆರಿಕದಲ್ಲಿ ಹೀಗೆ ಡ್ರಾಯರ್ ಬೀರುಗಳು ಮಗುಚಿ ಮಕ್ಕಳು ಸತ್ತ ಮೇಲೆ, 2016ರಲ್ಲಿ ಐಕಿಯಾ ಕಂಪನಿ ಅಲ್ಲಿ ಸುಮಾರು 2.9 ಕೋಟಿ ಬೀರುಗಳನ್ನು ರಿಕಾಲ್ ಮಾಡಿತು. ಗೋಡೆಗೆ ಕಟ್ಟುವ ಒಂದು ಪಟ್ಟಿ, ಎರಡು ಸ್ಕ್ರೂ. ಐದು ನಿಮಿಷದ ಕೆಲಸ ಅದು.

[ಮತ್ತೆ ಕ್ಯಾಮೆರಾ ಕಡೆಗೆ]

ಕಾನೂನು ಏನು ಹೇಳುತ್ತದೆ? 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದುಡ್ಡು ತಗೊಂಡು ಮಾಡುವ ಕೆಲಸವೂ ಸೇವೆಯೇ. ನಿರ್ಲಕ್ಷ್ಯ ಸೇವೆಯ ಲೋಪದೊಳಗೆ ಬರುತ್ತದೆ. ಚಿಕ್ಕಮಗಳೂರಲ್ಲೂ ಹಾಸನದಲ್ಲೂ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ರಸೀದಿ ಕೊಟ್ಟಿಲ್ಲ ಎಂದು ನಾವು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ದುಡ್ಡು ಬಂದದ್ದು ಫೋನಿನಲ್ಲಿ ದಾಖಲಾಗಿರುತ್ತದೆ. ಆದರೆ ನನ್ನನ್ನು ಬದಲಾಯಿಸಿದ್ದು ಕಾಯ್ದೆಯಲ್ಲ, ಆ ತುರಿಮಣೆ.

ಆ ಮನೆಗೆ ದುಡ್ಡು ವಾಪಸ್ ಕೊಟ್ಟೆ. ಹಲಸಿನ ಹಲಗೆಯಲ್ಲಿ ನೆಲದ ಮೇಲೆ ನಿಲ್ಲುವ ರ‍್ಯಾಕ್ ಮಾಡಿ, ಮೇಲ್ಗಡೆ ತೊಲೆಗೆ ಬಿಗಿದೆ. ಅಜ್ಜಿ ಜಾಡಿಗಳನ್ನೆಲ್ಲ ಕೆಳಗಿನ ಹಲಗೆಗೇ ಜೋಡಿಸಿದರು.

[ಹಲಗೆಯ ಅಡಿಭಾಗ ತಿರುಗಿಸಿ ತೋರಿಸುವುದು. ಪೆನ್ಸಿಲ್ ಬರಹ]

ಅಲ್ಲಿಂದೀಚೆಗೆ ಪ್ರತಿ ಶೆಲ್ಫಿನ ಅಡಿಯಲ್ಲಿ ಮೂರು ವಿಷಯ ಬರೆಯುತ್ತೇನೆ. ಹಾಕಿದ ತಾರೀಖು, ಎಷ್ಟು ಕೆಜಿ ಇಡಬಹುದು, ನನ್ನ ನಂಬರ್. ಕಳೆದ ತಿಂಗಳು ಇಲ್ಲೇ ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯ ಒಬ್ಬರು ಅಕ್ಕ ಫೋನ್ ಮಾಡಿದ್ದರು. "ಅಡೀಲಿ 20 ಕೆಜಿ ಅಂತ ಬರೆದಿದ್ದೀರಲ್ಲ, ಡಬ್ಬಗಳ ಜೊತೆ ಗ್ರೈಂಡರ್ ಇಡಬಹುದಾ?" ಇವತ್ತು ಬೇಡ ಅಕ್ಕ, ನಾಳೆ ಬರ್ತೀನಿ ಎಂದೆ. ಬೆಳಿಗ್ಗೆ ಹೋಗಿ ನಡುವೆ ಇನ್ನೊಂದು ಬ್ರಾಕೆಟ್ ಹಾಕಿ, ಭಾರ ಇಟ್ಟು ನೋಡಿ, 20 ಅಳಿಸಿ 30 ಎಂದು ಬರೆದು ಬಂದೆ.