ಅರ್ಧ ಕೆಜಿ ಬ್ರಾಕೆಟ್‌ಗೆ ರೇಟ್ ಹಾಕೋದು

ಇದು ಪೀಣ್ಯದಲ್ಲಿರುವ ನಮ್ಮ ಶೆಡ್. ಮೇಜಿನ ಮೇಲಿರುವ ಈ ಟೈಟಾನಿಯಂ ಬ್ರಾಕೆಟ್ ನೋಡಿ. ತೂಕ ಅರ್ಧ ಕೆಜಿ. ಇಂಥದೇ ನಾಲ್ಕು ಬೇಕಂತೆ. ಸಂಜೆಯೊಳಗೆ ಕೊಟೇಶನ್ ಹೋಗಬೇಕು.

ಗಟ್ಟಿ ಬ್ಲಾಕ್‌ನಿಂದ ಕಡೆಯುವುದಾದರೆ 120, 100, 75 ಮಿಲಿಮೀಟರ್ ಅಳತೆಯದ್ದು ತರಬೇಕು. ಘನ ಸೆಂಟಿಮೀಟರ್‌ಗೆ 4.43 ಗ್ರಾಂ ಅಂತ ಹಿಡಿದರೆ ಸುಮಾರು 4 ಕೆಜಿ. ಅದರಲ್ಲಿ ಮೂರೂವರೆ ಕೆಜಿ ಚಿಪ್ಸ್, ಅಂದರೆ ಲೋಹದ ಚೂರು ಆಗಿ ಟ್ರೇಗೆ ಬೀಳುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಟೈಟಾನಿಯಂ ಪೌಡರನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ 3ಡಿ ಪ್ರಿಂಟ್ ಮಾಡಿಸಿ, ಬೇಕಾದ ಕಡೆ ಮಾತ್ರ ಮಿಲ್ಲಿಂಗ್ ಮಾಡುತ್ತೇವೆ, ಅಂದರೆ ತಿರುಗುವ ಕಟರ್‌ನಿಂದ ಕಡೆಯುತ್ತೇವೆ.

ಮೊದಲ ಸಲ ನಾನು ಪೌಡರ್ ತೂಕ, ಪ್ರಿಂಟಿಂಗ್ ಗಂಟೆ, ಮಿಲ್ಲಿಂಗ್ ಗಂಟೆ ಮೂರನ್ನೂ ಕೂಡಿಸಿ ರೇಟ್ ಕಳಿಸಿದ್ದೆ. ಆ ಆರ್ಡರ್‌ನಲ್ಲಿ ಕೈಯಿಂದ ದುಡ್ಡು ಹೋಯಿತು. ನಿಜವಾದ ಖರ್ಚು ಆ ಎರಡು ಮಷಿನ್‌ಗಳ ನಡುವೆ ಇತ್ತು.

ಪ್ರಿಂಟ್ ಮುಗಿದ ಮೇಲೆ ಪೀಸ್ ಅಂಟಿಕೊಂಡಿರುವ ಪ್ಲೇಟ್ ಸಮೇತ ಫರ್ನೇಸ್‌ಗೆ ಹೋಗಬೇಕು, ಸ್ಟ್ರೆಸ್ ರಿಲೀವಿಂಗ್‌ಗೆ, ಅಂದರೆ ಲೋಹದೊಳಗಿನ ಬಿಗಿತ ಇಳಿಸಲು. ಆಮೇಲೆ ಪ್ಲೇಟ್‌ನಿಂದ ಬಿಡಿಸಲು ವೈರ್ ಕಟ್. ಪ್ರಿಂಟ್ ಆಗುವಾಗ ಆಸರೆಗೆ ನಿಂತಿದ್ದ ಸಪೋರ್ಟ್ ಕೀಳುವುದು ಕೈಕೆಲಸ. ಇಷ್ಟಾದ ಮೇಲೆ ಮಿಲ್ಲಿಂಗ್‌ಗೆ ತಂದರೆ, ವೈಸ್‌ನಲ್ಲಿ ಹಿಡಿಯಲು ಒಂದು ಸಪಾಟು ಮುಖವೂ ಇರಲಿಲ್ಲ! ಪೀಸ್ ಆಕಾರಕ್ಕೆ ಕಡೆದ ಹಿಡಿತದ ದವಡೆ, ಅಂದರೆ ಸಾಫ್ಟ್ ಜಾ ಮಾಡುವುದಕ್ಕೇ ಎರಡು ದಿನ ಹಿಡಿಯಿತು. ಆ ಎರಡು ದಿನ ಕೊಟೇಶನ್‌ನಲ್ಲಿ ಎಲ್ಲೂ ಇರಲಿಲ್ಲ. ಈಗ ಡ್ರಾಯಿಂಗ್ ಹಂತದಲ್ಲೇ ಹಿಡಿತಕ್ಕೆ ಅಂತ ಎರಡು ಲಗ್ (ಹೊರಚಾಚಿದ ಕಿವಿ) ಸೇರಿಸಿ ಪ್ರಿಂಟ್ ಮಾಡಿಸುತ್ತೇವೆ. ಕೊನೆಯಲ್ಲಿ ಅವನ್ನು ಕತ್ತರಿಸಿದರಾಯಿತು.

ಇನ್ನೊಂದು ತಪ್ಪು, ಸ್ಟಾಕ್‌ನಲ್ಲಿ, ಅಂದರೆ ಮಿಲ್ಲಿಂಗ್‌ಗೆ ಅಂತ ಹೆಚ್ಚಾಗಿ ಬಿಡುವ ದಪ್ಪದಲ್ಲಿ ಜಿಪುಣತನ. ಪೌಡರ್ ಉಳಿಸೋಣ ಅಂತ 0.3 ಮಿಲಿಮೀಟರ್ ಮಾತ್ರ ಬಿಟ್ಟಿದ್ದೆವು. ಫರ್ನೇಸ್‌ನಿಂದ ಬಂದಾಗ ಪೀಸ್ ಸ್ವಲ್ಪ ಬಾಗಿತ್ತು. ಒಂದು ಮೂಲೆಗೆ ಕಟರ್ ತಾಗಲೇ ಇಲ್ಲ, ಪ್ರಿಂಟ್‌ನ ಒರಟು ಹಾಗೇ ಉಳಿಯಿತು. ಇಡೀ ಪೀಸ್ ರಿಜೆಕ್ಟ್. ಲೆಕ್ಕ ಹಾಕಿ ನೋಡಿ: ಮಷಿನಿಂಗ್ ಆಗುವ ಮುಖ ಒಟ್ಟು 100 ಚದರ ಸೆಂಟಿಮೀಟರ್ ಇದ್ದರೆ, 1 ಮಿಲಿಮೀಟರ್ ಸ್ಟಾಕ್‌ಗೆ ಬೇಕಾಗುವುದು ಬರೀ 44 ಗ್ರಾಂ. ಅದಕ್ಕೂ ಕಡಿಮೆಗೆ ಆಸೆಪಟ್ಟು ಅರ್ಧ ಕೆಜಿ ಪೀಸ್ ಕಳೆದುಕೊಂಡೆವು.

ರಿಜೆಕ್ಷನ್ನೂ ರೇಟ್‌ನಲ್ಲಿ ಬರಲೇಬೇಕು. ಕೊನೆಯ ತೂತಿನಲ್ಲಿ ಥ್ರೆಡ್ ಹಾಕುವ ಟ್ಯಾಪ್ ಮುರಿದರೆ ಪೌಡರ್, ಲೇಸರ್, ಫರ್ನೇಸ್, ವೈರ್ ಕಟ್ ಎಲ್ಲದರ ದುಡ್ಡೂ ಅದರ ಜೊತೆಗೇ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಪಾಸಾದರೆ ಹತ್ತರ ಖರ್ಚನ್ನು ಒಂಬತ್ತಕ್ಕೆ ಹಂಚಬೇಕು, ಅಲ್ವಾ?

ಲೇಸರ್ ನಾಜಲ್ಲೂ ಕಟರ್ರೂ ಒಂದೇ ಕಡೆ ಇರುವ ಹೈಬ್ರಿಡ್ ಮಷಿನ್‌ಗಳೂ ಇವೆ, ಡಿಎಂಜಿ ಮೋರಿ ಕಂಪನಿಯ ಲೇಸರ್‌ಟೆಕ್ 65 ಹೈಬ್ರಿಡ್ ಥರ. ಮಧ್ಯೆ ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ. ಆದರೆ ಲೇಸರ್ ಓಡುವಾಗ ಕಟರ್ ತಿರುಗಿಸುವ ಸ್ಪಿಂಡಲ್ ಸುಮ್ನೆ ನಿಂತಿರುತ್ತದೆ. ಮಷಿನ್‌ನ ಗಂಟೆ ರೇಟ್ ಮಾತ್ರ ಪೂರ್ತಿ. ನಮ್ಮ ಸಣ್ಣ ಲಾಟ್‌ಗಳಿಗೆ ಬೇರೆ ಬೇರೆ ಮಷಿನ್ನೇ ಸರಿ ಅಂತ ನನಗನಿಸುತ್ತದೆ.

ಈಗ ಈ ಆರ್ಡರ್‌ಗೆ ಬರೋಣ. 75 ಮಿಲಿಮೀಟರ್ ಎತ್ತರ, 60 ಮೈಕ್ರಾನ್ (0.06 ಮಿಲಿಮೀಟರ್) ಪದರ. ಒಟ್ಟು 1250 ಪದರ. ಪೌಡರ್ ಹರಡಲು ಪದರಕ್ಕೆ ಹತ್ತು ಸೆಕೆಂಡ್ ಹಿಡಿದರೂ ಹತ್ತಿರ ಹತ್ತಿರ ಮೂರೂವರೆ ಗಂಟೆ. ಪ್ಲೇಟ್ ಮೇಲೆ ಒಂದು ಪೀಸ್ ಇರಲಿ, ನಾಲ್ಕಿರಲಿ, ಈ ಹೊತ್ತು ಅಷ್ಟೇ. ಹಾಗಾಗಿ ನಾಲ್ಕನ್ನೂ ಒಂದೇ ಪ್ಲೇಟ್‌ನಲ್ಲಿ ಕೂರಿಸಿದ್ದೇನೆ. ಪೀಸ್ ಹಿಡಿಯುವ ಫಿಕ್ಸ್ಚರ್ ಖರ್ಚಿಗೆ ಬೇರೆ ಸಾಲು ಹಾಕಿದ್ದೇನೆ. ಐದೂವರೆ ಆಯಿತು. ಮೇಲ್ ಕಳಿಸುತ್ತಿದ್ದೇನೆ.