ವಿದೇಶಕ್ಕೆ ಹೊರಟಿದ್ದೀರಾ? ಮೊದಲು ಲ್ಯಾಪ್‌ಟಾಪ್ ಖಾಲಿ ಮಾಡಿ

ಕೇಳುಗರಿಗೆಲ್ಲ ನಮಸ್ಕಾರ.

ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರು ಸುರಕ್ಷಿತವಾಗಿರುವುದು ಹೇಗೆ, ಕಂಪನಿಯ ಗುಟ್ಟುಗಳನ್ನು ಕಾಪಾಡಿಕೊಳ್ಳುವುದು ಹೇಗೆ ಅಂತ ಹದಿನೈದು ನಿಮಿಷ ಮಾತಾಡಿ ಎಂದಿದ್ದಾರೆ. ನಿಜ ಹೇಳಬೇಕೆಂದರೆ ಅರ್ಧ ನಿಮಿಷ ಸಾಕು. ಜೊತೆಗೆ ಒಯ್ಯದೇ ಇದ್ದದ್ದನ್ನು ಯಾರೂ ಕದಿಯಲಾರರು. ಇಷ್ಟೇ ವಿಷಯ. ಉಳಿದ ಹೊತ್ತಿನಲ್ಲೂ ತಿರುಗಿ ಮುರುಗಿ ಇದನ್ನೇ ಹೇಳುತ್ತೇನೆ. ಒಂದು ಸಲ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ನೋಡಿ.

ನಿಮ್ಮಲ್ಲಿ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ನಿಮಗೆ ಭಾನುವಾರ ರಾತ್ರಿ ವಿಮಾನ. ಮಂಗಳವಾರ ಬೆಳಿಗ್ಗೆ ಕ್ಲೈಂಟ್ ಜೊತೆ ಮೀಟಿಂಗ್. ಎಷ್ಟು ಶರ್ಟ್ ಇಟ್ಟುಕೊಳ್ಳಬೇಕು, ಕೋಟು ಬೇಕೋ ಬೇಡವೋ ಅಂತ ಅರ್ಧ ಗಂಟೆ ಯೋಚನೆ ಮಾಡಿದ್ದೀರಿ. ಲ್ಯಾಪ್‌ಟಾಪನ್ನು ಮಾತ್ರ ಇದ್ದ ಹಾಗೇ ಬ್ಯಾಗಿಗೆ ತುರುಕಿದ್ದೀರಿ. ಅಲ್ವಾ?

ಅದನ್ನೊಮ್ಮೆ ಹೊರಗೆ ತೆಗೆಯಿರಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಟೆಂಡರಿಗೆ ಹಾಕಿದ್ದ ರೇಟ್ ಪಟ್ಟಿ ಅಲ್ಲೇ ಬಿದ್ದಿದೆ. ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಮೂರು ಹೆಸರಲ್ಲಿದೆ. ಅದರ ಕೆಳಗೆ ಯಾರೋ ಕಳಿಸಿದ ಸಂಬಳದ ಶೀಟು. ಮನೆಯವರೆಲ್ಲರ ಪಾಸ್‌ಪೋರ್ಟ್ ಸ್ಕ್ಯಾನ್. ಇನ್ನೂ ಮಾರುಕಟ್ಟೆಗೆ ಬರದ ಮಾಲಿನ ಡ್ರಾಯಿಂಗ್. ಮೇಲ್ ತೆರೆದರೆ ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗಿನ ಎಲ್ಲವೂ ಇದೆ. ಬ್ರೌಸರ್ ಅಂತೂ ಬ್ಯಾಂಕಿನದ್ದೂ ಸೇರಿಸಿ ಅಷ್ಟೂ ಪಾಸ್‌ವರ್ಡ್ ನೆನಪಿಟ್ಟುಕೊಂಡು ಕೂತಿದೆ. ಮಂಗಳವಾರದ ಮೀಟಿಂಗಿಗೆ ಇದರಲ್ಲಿ ಬೇಕಾದ್ದೆಷ್ಟು? ಒಂದು ಪ್ರೆಸೆಂಟೇಶನ್, ಒಂದು ಕೊಟೇಶನ್. ಉಳಿದದ್ದನ್ನು ಒಯ್ಯುವುದೆಂದರೆ ಒಡವೆ ಪೆಟ್ಟಿಗೆ ತಲೆ ಮೇಲೆ ಹೊತ್ತುಕೊಂಡು ಸಂತೆಗೆ ಹೋದ ಹಾಗೆ.

ಆಫೀಸಿನ ಐಟಿಯವರನ್ನು ಕೇಳಿ, ಪ್ರಯಾಣಕ್ಕೆಂದೇ ಬೇರೆ ಲ್ಯಾಪ್‌ಟಾಪ್ ಇಸಿದುಕೊಳ್ಳಿ. ಹಳೆಯದಾದರೂ ಪರವಾಗಿಲ್ಲ, ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡಿದ್ದಿರಬೇಕು. ಬೇಕಾದ ಎರಡು ಫೈಲ್ ಮಾತ್ರ ಅದಕ್ಕೆ ಹಾಕಿಕೊಳ್ಳಿ. ಫೋನೂ ಅಷ್ಟೇ, ಸಾಧ್ಯವಾದರೆ ಬೇರೆಯದನ್ನು ಒಯ್ಯಿರಿ. ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯುತ್ತೇನೆ, ಹೊರಡುವ ಮುಂಚೆ ಫೈಲ್ ಡಿಲೀಟ್ ಮಾಡುತ್ತೇನೆ ಅನ್ನಬೇಡಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಫೈಲ್ ಹೋಗುವುದಿಲ್ಲ. ಗೊತ್ತಿರುವವನು ಎಷ್ಟೋ ಸಲ ಅದನ್ನು ವಾಪಸ್ ತೆಗೆಯುತ್ತಾನೆ.

ಇಲ್ಲಿ ಯಾವಾಗಲೂ ಒಬ್ಬರು ಕೈ ಎತ್ತುತ್ತಾರೆ. “ನಮ್ಮದು ಸಣ್ಣ ಕಂಪನಿ ಸಾರ್, ನಮ್ಮ ಲ್ಯಾಪ್‌ಟಾಪ್ ಯಾರಿಗೆ ಬೇಕು?” ಅದೇ ಟೆಂಡರಿಗೆ ರೇಟ್ ಹಾಕುತ್ತಿರುವ ಇನ್ನೊಬ್ಬನಿಗೆ ಬೇಕು. ನಿಮಗಿಂತ ನೂರು ರೂಪಾಯಿ ಕಡಿಮೆ ಹಾಕಿದರೆ ಅವನ ಕೆಲಸ ಆಯಿತು.

ಇನ್ನು ವಿಮಾನ ನಿಲ್ದಾಣ. ಕಳ್ಳರ ಮಾತು ಬಿಡಿ, ಇಲ್ಲಿ ಸರ್ಕಾರಿ ಅಧಿಕಾರಿಗಳೇ ನಿಮ್ಮ ಫೋನ್ ನೋಡಬಹುದು. ನ್ಯೂಜಿಲೆಂಡಿನಲ್ಲಿ 2018ರಿಂದ ಒಂದು ಕಾನೂನಿದೆ. ಕಸ್ಟಮ್ಸ್‌ನವರಿಗೆ ಅನುಮಾನ ಬಂದು ಪಾಸ್‌ವರ್ಡ್ ಕೇಳಿದಾಗ ಕೊಡುವುದಿಲ್ಲ ಎಂದರೆ 5,000 ಡಾಲರ್‌ವರೆಗೆ ದಂಡ. ಬ್ರಿಟನ್ನಿನಲ್ಲಿ 2000ನೇ ಇಸವಿಯ ಭಯೋತ್ಪಾದನೆ ಕಾಯ್ದೆ ಇದೆ. ಅದರ ಏಳನೇ ಷೆಡ್ಯೂಲಿನ ಪ್ರಕಾರ ಅನುಮಾನವೇ ಇಲ್ಲದಿದ್ದರೂ ನಿಲ್ಲಿಸಿ ವಿಚಾರಿಸಬಹುದು, ಆಗ ಪಾಸ್‌ವರ್ಡ್ ಕೊಡದಿದ್ದರೆ ಅಪರಾಧ. ಅಮೆರಿಕದಲ್ಲಿ ಫೋನ್ ತೆರೆದು ತೋರಿಸದ ವಿದೇಶೀಯನನ್ನು ಬಂದ ದಾರಿಗೇ ವಾಪಸ್ ಕಳಿಸಬಹುದು. ವಾದ ಮಾಡಬೇಡಿ, ಸುಳ್ಳಂತೂ ಹೇಳಲೇಬೇಡಿ. ತೆರೆದು ಕೊಡಿ. ಒಳಗೆ ಎರಡೇ ಫೈಲ್ ಇದ್ದರೆ ನಿಮಗೇನು ಭಯ? ಒಯ್ಯದೇ ಇದ್ದದ್ದನ್ನು ಯಾರೂ ನೋಡಲಾರರು.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಕಥೆ ಅಂದೆ, ನಡೆದದ್ದೇ. ಹೋಟೆಲ್ ರೂಮಿನ ಬೀಗದ ಮೇಲೆ ನಿಮಗೆ ಬಹಳ ನಂಬಿಕೆ, ಅಲ್ವಾ? ಕಾರ್ಡ್ ತೋರಿಸಿದರೆ ಹಸಿರು ದೀಪ ಬರುತ್ತದೆ, ಟಕ್ ಅಂತ ಬಾಗಿಲು ತೆರೆಯುತ್ತದೆ. ಹೊರಗೆ ಹೋಗುವಾಗ ಎಳೆದರೆ ತಾನೇ ಮುಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತೀರಿ.

2003ನೇ ಇಸವಿ. ಬರ್ಲಿನ್‌ನಲ್ಲಿ ಕಂಪ್ಯೂಟರ್ ಸುರಕ್ಷತೆಯವರದ್ದೇ ಒಂದು ಸಮ್ಮೇಳನ. ಅಲ್ಲಿಗೆ ಹೋಗಿದ್ದವರಲ್ಲಿ ಒಬ್ಬರ ಲ್ಯಾಪ್‌ಟಾಪ್ ಹೋಟೆಲ್ ರೂಮಿನಿಂದಲೇ ಮಾಯವಾಯಿತು. ಬಾಗಿಲು ಮುರಿದಿಲ್ಲ, ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ. ಯಾವಾಗ ಯಾವ ಕಾರ್ಡಿನಿಂದ ಬಾಗಿಲು ತೆರೆಯಿತು ಅಂತ ಬೀಗ ಬರೆದಿಟ್ಟುಕೊಳ್ಳುತ್ತದಲ್ಲ, ಆ ಲೆಕ್ಕದಲ್ಲೂ ಹೊರಗಿನವರು ಬಂದ ಸುಳಿವಿಲ್ಲ. ದೂರು ಕೊಟ್ಟರೆ ಹೋಟೆಲಿನವರು ಅದಕ್ಕೆ ಬೆಲೆಯನ್ನೇ ಕೊಡಲಿಲ್ಲ. ಯಾರೂ ಒಳಗೆ ಬಂದ ಗುರುತಿಲ್ಲವಲ್ಲ, ಇನ್ನು ಕಳ್ಳತನ ಎಲ್ಲಿಂದ ಬಂತು?

ಬೇರೆ ಯಾರಾದರೂ ಆಗಿದ್ದರೆ ಹಣೆ ಚಚ್ಚಿಕೊಂಡು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಿದ್ದರು. ಆದರೆ ಕಳೆದುಕೊಂಡವರ ಜೊತೆಗಾರರು ಎಫ್-ಸೆಕ್ಯೂರ್ ಎಂಬ ಫಿನ್‌ಲೆಂಡ್ ಕಂಪನಿಯ ಸುರಕ್ಷತಾ ತಜ್ಞರು. ಅವರಿಗೆ ಇದು ತಲೆಯೊಳಗೆ ಹುಳ ಬಿಟ್ಟಂತಾಯಿತು. ಸುಳಿವೇ ಸಿಗದಂತೆ ಆ ಬಾಗಿಲು ತೆರೆಯಲು ಸಾಧ್ಯವಾ? ಟೊಮಿ ಟುಒಮಿನೆನ್, ಟಿಮೊ ಹಿರ್ವೊನೆನ್ ಅಂತ ಇಬ್ಬರು. ತಮ್ಮ ಬೇರೆ ಕೆಲಸ ಮಾಡಿಕೊಂಡೇ, ಬಿಡುವಾದಾಗಲೆಲ್ಲ ಆ ಬೀಗದ ಹಿಂದೆ ಬಿದ್ದರು. ಒಂದು ವರ್ಷ ಎರಡು ವರ್ಷ ಅಲ್ಲ, ಹತ್ತು ವರ್ಷಕ್ಕೂ ಜಾಸ್ತಿ. ಇಂಥ ಹಟಮಾರಿಗಳನ್ನು ಕಂಡರೆ ನನಗೆ ಬಹಳ ಪ್ರೀತಿ.

2018ರ ಏಪ್ರಿಲ್‌ನಲ್ಲಿ ಇಬ್ಬರೂ ಉತ್ತರ ಹೇಳಿದರು. ವಿಂಗ್‌ಕಾರ್ಡ್ ಅಂತ ಜಗತ್ತಿನಲ್ಲೆಲ್ಲ ಇರುವ ಬೀಗ. ಅದರ ‘ವಿಷನ್’ ಎಂಬ ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು. ಆ ಹೋಟೆಲಿನ ಯಾವುದಾದರೂ ಒಂದು ಕಾರ್ಡ್ ಸಿಕ್ಕರೆ ಸಾಕು. ನಿಮ್ಮದೇ ಆಗಬೇಕಿಲ್ಲ. ಅವಧಿ ಮುಗಿದದ್ದಾದರೂ ಸರಿ, ಗ್ಯಾರೇಜಿನದ್ದಾದರೂ ಸರಿ. ಅಂಗೈಯಲ್ಲಿ ಹಿಡಿಯುವಂಥ ಒಂದು ಉಪಕರಣ ಅದನ್ನು ಓದುತ್ತದೆ, ಹತ್ತಿರದ ಬೀಗದ ಮುಂದೆ ಒಂದೊಂದೇ ಸಂಕೇತ ಹಚ್ಚಿ ನೋಡುತ್ತದೆ. ಕೆಲವೇ ನಿಮಿಷ. ಆ ಹೋಟೆಲಿನ ಎಲ್ಲ ಬಾಗಿಲನ್ನೂ ತೆರೆಯುವ ಮಾಸ್ಟರ್ ಕೀ ತಯಾರು! ಅವರು ಪ್ರಾಮಾಣಿಕರು. ಮೊದಲೇ ಬೀಗದ ಕಂಪನಿಗೆ ತಿಳಿಸಿ, ರಿಪೇರಿಯ ಸಾಫ್ಟ್‌ವೇರ್ ಬಂದ ಮೇಲೆಯೇ ಲೋಕಕ್ಕೆ ಹೇಳಿದರು. ಆದರೆ ಅದನ್ನು ಹಾಕಿಸಿಕೊಳ್ಳಬೇಕಾದವರು ಹೋಟೆಲಿನವರು. ನೀವು ಇಳಿದ ಹೋಟೆಲಿನವರು ಹಾಕಿಸಿಕೊಂಡಿದ್ದಾರಾ? ರಿಸೆಪ್ಷನ್‌ನಲ್ಲಿ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾರೆ.

ಇಲ್ಲಿಗೆ ಮುಗಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಬೇರೊಂದು ತಂಡ ಸ್ಯಾಫ್ಲಾಕ್ ಅನ್ನುವ ಇನ್ನೊಂದು ಬೀಗದ ಗುಟ್ಟು ಬಯಲು ಮಾಡಿತು. 131 ದೇಶಗಳಲ್ಲಿ 30 ಲಕ್ಷ ಬಾಗಿಲುಗಳಿಗೆ ಅದೇ ಬೀಗ. ಎರಡು ನಕಲಿ ಕಾರ್ಡ್ ಮಾಡಿಕೊಂಡು ಒಂದಾದ ಮೇಲೊಂದು ತಾಗಿಸಿದರೆ ಬಾಗಿಲು ತೆರೆಯುತ್ತದೆ. ಕಂಪನಿಗೆ 2022ರಲ್ಲೇ ಹೇಳಿದ್ದರು. ಸುದ್ದಿ ಹೊರಬಿದ್ದಾಗ ರಿಪೇರಿಯಾಗಿದ್ದ ಬೀಗಗಳು ಶೇಕಡ 36.

ಹಾಗಾದರೆ ರೂಮಿನ ಲಾಕರ್‌ನಲ್ಲಿ ಇಡೋಣ ಅಂತೀರಿ. ಎಷ್ಟೋ ಜನ ನಂಬರ್ ಮರೆತು ವಿಮಾನದ ಹೊತ್ತಿಗೆ ಪರದಾಡುತ್ತಾರೆ. ಅಂಥವರಿಗಾಗಿಯೇ ಹೋಟೆಲಿನವರ ಹತ್ತಿರ ಲಾಕರ್ ತೆರೆಯುವ ಬೇರೆ ದಾರಿ ಇರುತ್ತದೆ. ಆ ದಾರಿ ಎಷ್ಟು ಜನರಿಗೆ ಗೊತ್ತು ಅಂತ ನಿಮಗೆ ಗೊತ್ತಾ? ಪಾಸ್‌ಪೋರ್ಟ್, ಒಂದಿಷ್ಟು ದುಡ್ಡು ಇಡಿ. ಕಂಪನಿಯ ಗುಟ್ಟು ಇಡಬೇಡಿ. ಗುಟ್ಟನ್ನು ಒಯ್ಯಲೇಬೇಡಿ!

ಆ ಖಾಲಿ ಲ್ಯಾಪ್‌ಟಾಪನ್ನೂ ಸುಮ್ನೆ ಮಡಚಿ ಇಟ್ಟು ಹೋಗಬೇಡಿ, ಪೂರ್ತಿ ಶಟ್‌ಡೌನ್ ಮಾಡಿ. ವಿಂಡೋಸ್ ಆದರೆ ಬಿಟ್‌ಲಾಕರ್, ಮ್ಯಾಕ್ ಆದರೆ ಫೈಲ್‌ವಾಲ್ಟ್ ಆನ್ ಆಗಿದೆಯೇ ಅಂತ ಹೊರಡುವ ಮುಂಚೆಯೇ ನೋಡಿ. ಇವು ಡಿಸ್ಕಿನಲ್ಲಿ ಇರುವುದನ್ನೆಲ್ಲ ಕಲಸಿ, ಕೀಲಿ ಇಲ್ಲದೆ ಓದಲಾಗದಂತೆ ಮಾಡಿಡುತ್ತವೆ. ಆದರೆ ಲ್ಯಾಪ್‌ಟಾಪ್ ಮಡಚಿ ಮಲಗಿಸಿದಾಗ ಆ ಕೀಲಿ ಸಾಮಾನ್ಯವಾಗಿ ಅದರ ಮೆಮೊರಿಯಲ್ಲೇ ಎಚ್ಚರವಾಗಿ ಕೂತಿರುತ್ತದೆ. ಅದನ್ನು ಅಲ್ಲಿಂದ ಎತ್ತಬಹುದು ಅಂತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2008ರಲ್ಲೇ ಮಾಡಿ ತೋರಿಸಿದ್ದಾರೆ.

ವೈಫೈ. ಇದರ ಬಗ್ಗೆ ಒಂದು ಗಂಟೆ ಮಾತಾಡಬಹುದು, ಆದರೆ ಬೀಗದ ಕಥೆ ಹೊತ್ತು ತಿಂದುಬಿಟ್ಟಿತು. 2014ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಕಂಪ್ಯೂಟರ್ ಸುರಕ್ಷತಾ ಕಂಪನಿಯವರು ‘ಡಾರ್ಕ್‌ಹೋಟೆಲ್’ ಎಂಬ ಗುಂಪಿನ ವಿಷಯ ಹೊರಗೆ ತಂದರು. ಏಷ್ಯಾದ ಕೆಲವು ದುಬಾರಿ ಹೋಟೆಲುಗಳ ವೈಫೈ ಒಳಗೇ ಇವರು ಸೇರಿಕೊಂಡಿದ್ದರು. ಬೇಟೆ ಯಾರು? ಕಂಪನಿಗಳ ದೊಡ್ಡ ಅಧಿಕಾರಿಗಳು. ಅಧಿಕಾರಿ ರೂಮ್ ನಂಬರ್, ಹೆಸರು ಹಾಕಿ ವೈಫೈಗೆ ಸೇರಿದ ತಕ್ಷಣ ಪರದೆ ಮೇಲೆ ‘ಅಪ್‌ಡೇಟ್ ಬಂದಿದೆ’ ಅಂತ ಬರುತ್ತಿತ್ತು. ನೋಡಲು ಫ್ಲಾಶ್ (ಆಗ ಬ್ರೌಸರ್‌ನಲ್ಲಿ ವಿಡಿಯೊ ನೋಡಲು ಬಳಸುತ್ತಿದ್ದ ಸಾಫ್ಟ್‌ವೇರ್) ಅಪ್‌ಡೇಟ್, ಒಳಗೆ ಕದಿಯುವ ಸಾಫ್ಟ್‌ವೇರ್. ಅತಿಥಿ ಹೊರಟ ಮೇಲೆ ಹೋಟೆಲಿನಲ್ಲಿದ್ದ ಜಾಡನ್ನೂ ಅಳಿಸಿಬಿಡುತ್ತಿದ್ದರು. ಆದ್ದರಿಂದ ಅಪ್‌ಡೇಟ್ ಎಲ್ಲ ಮನೆಯಲ್ಲೇ ಮುಗಿಸಿ ಹೊರಡಿ. ಹೋಟೆಲಿನಲ್ಲಿ ಏನೇ ಕೇಳಿದರೂ ಒತ್ತಬೇಡಿ. ಇಂಟರ್ನೆಟ್ಟಿಗೆ ನಿಮ್ಮ ಸಿಮ್‌ನ ಹಾಟ್‌ಸ್ಪಾಟ್ ಬಳಸಿ, ನೀವು ಕಳಿಸುವುದನ್ನು ನಡುವೆ ಯಾರೂ ಓದದಂತೆ ಮುಚ್ಚಿ ಒಯ್ಯುವ ಆಫೀಸಿನ ವಿಪಿಎನ್ ಹಾಕಿಕೊಳ್ಳಿ. ಎಕ್ಸಿಬಿಷನ್‌ನಲ್ಲಿ ಪುಕ್ಕಟೆ ಕೊಟ್ಟ ಪೆನ್‌ಡ್ರೈವ್ ಎಷ್ಟೇ ಚೆನ್ನಾಗಿರಲಿ, ಚುಚ್ಚಬೇಡಿ.

ಇನ್ನೊಂದು, ಬೋರ್ಡಿಂಗ್ ಪಾಸಿನ ಫೋಟೊ. ದಯವಿಟ್ಟು ಹಾಕಬೇಡಿ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ಇನ್‌ಸ್ಟಾಗ್ರಾಮ್‌ಗೆ ಹಾಕಿದರು. ಅದರಲ್ಲಿ ಬುಕಿಂಗ್ ನಂಬರ್ ಇತ್ತು. ಒಬ್ಬ ಯುವಕ ಆ ನಂಬರ್ ಮತ್ತು ಅವರ ಹೆಸರು ಹಾಕಿ ವಿಮಾನ ಕಂಪನಿಯ ವೆಬ್‌ಸೈಟಿಗೆ ಹೋದ. ಪುಟದ ಹಿಂದಿನ ಕೋಡ್‌ನಲ್ಲಿ ಪಾಸ್‌ಪೋರ್ಟ್ ನಂಬರ್, ಫೋನ್ ನಂಬರ್ ಎರಡೂ ಸಿಕ್ಕವು. ಅವನು ಒಳ್ಳೆಯವನು, ತಿಂಗಳುಗಟ್ಟಲೆ ಓಡಾಡಿ ಸಂಬಂಧಪಟ್ಟವರಿಗೆ ತಿಳಿಸಿದ. ನಿಮ್ಮ ಫೋಟೊ ಅಂಥವನ ಕಣ್ಣಿಗೇ ಬೀಳಬೇಕಲ್ಲ.

ಬಾಯಿಯ ವಿಷಯವನ್ನೂ ಹೇಳಲೇಬೇಕು. ಗೋಡೆಗೂ ಕಿವಿ ಇರುತ್ತದೆ ಅಂತಾರೆ, ಲಾಬಿಯಲ್ಲಿ ಪಕ್ಕದ ಸೋಫಾಗೆ ಎರಡು ಕಿವಿ ಇರುತ್ತವೆ. ಟ್ಯಾಕ್ಸಿಯಲ್ಲಿ, ವಿಮಾನದಲ್ಲಿ, ಲಿಫ್ಟ್‌ನಲ್ಲಿ ರೇಟಿನ ಮಾತು ಬೇಡ. ನಮ್ಮ ಭಾಷೆ ಇಲ್ಲಿ ಯಾರಿಗೆ ತಿಳಿಯುತ್ತದೆ ಅಂತ ಜೋರಾಗಿ ಮಾತಾಡುವವರನ್ನು ಕಂಡರೆ ನನಗೆ ತಲೆನೋವು ಬರುತ್ತದೆ.

ಹೊತ್ತಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ನಿಮ್ಮ ಪ್ರಾಣದ ವಿಷಯ ಬಾಕಿ ಇದೆ, ಬೇಗ ಹೇಳುತ್ತೇನೆ. ರೂಮು ಮೂರರಿಂದ ಆರನೇ ಮಹಡಿಯೊಳಗೆ ಕೇಳಿ. ಕಿಟಕಿಯಿಂದ ಹತ್ತಿ ಬರುವಷ್ಟು ಕೆಳಗಿರಬಾರದು, ಬೆಂಕಿ ಬಿದ್ದರೆ ಏಣಿ ಮುಟ್ಟದಷ್ಟು ಮೇಲೂ ಇರಬಾರದು. ನಿಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಅಂತ ಎಣಿಸಿಕೊಳ್ಳಿ. ಹೊಗೆ ತುಂಬಿದಾಗ ಕೈಯಿಂದ ತಡವಿಕೊಂಡೇ ಹೋಗಬೇಕಾಗುತ್ತದೆ. ಕರೆದೊಯ್ಯಲು ಬಂದ ಡ್ರೈವರಿಗೆ ನಿಮ್ಮ ಹೆಸರು ಹೇಳಬೇಡಿ, ಯಾರನ್ನು ಕರೆದೊಯ್ಯಲು ಬಂದಿದ್ದೀಯಪ್ಪಾ ಅಂತ ಅವನನ್ನೇ ಕೇಳಿ. ಪಾಸ್‌ಪೋರ್ಟಿನ ಜೆರಾಕ್ಸ್, ರಾಯಭಾರ ಕಚೇರಿಯ ಫೋನ್ ನಂಬರ್ ಕಾಗದದ ಮೇಲೆ ಬೇರೆ ಬ್ಯಾಗಿನಲ್ಲಿರಲಿ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಸೂಡೋಎಫೆಡ್ರಿನ್ ಇರುವ ಎಷ್ಟೋ ನೆಗಡಿ ಮಾತ್ರೆಗಳನ್ನು ಜಪಾನ್ ಒಳಗೇ ಬಿಡುವುದಿಲ್ಲ, ಚೀಟಿ ಇದ್ದರೂ ಅಷ್ಟೆ. ಹೋಗುವ ದೇಶದ ನಿಯಮ ನೋಡಿಕೊಂಡೇ ಮಾತ್ರೆ ತುಂಬಿ.

ವಾಪಸ್ ಬಂದ ಮೇಲೆ ಆ ಲ್ಯಾಪ್‌ಟಾಪನ್ನು ನೇರವಾಗಿ ಆಫೀಸಿನ ನೆಟ್‌ವರ್ಕಿಗೆ ಜೋಡಿಸಬೇಡಿ. ಐಟಿಯವರ ಕೈಗೆ ಕೊಡಿ, ಅವರು ಎಲ್ಲ ಅಳಿಸಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರ್‌ನಿಂದ ಬದಲಾಯಿಸಿ. ನಡುವೆ ಏನಾದರೂ ಕಳೆದುಹೋದರೆ, ಅಥವಾ ಯಾರೋ ಮುಟ್ಟಿದ್ದಾರೆ ಅನ್ನಿಸಿದರೆ, ಬೈಸಿಕೊಳ್ಳುತ್ತೇನೆ ಅಂತ ಹೆದರಿ ವಾಪಸ್ ಬರುವವರೆಗೆ ಮುಚ್ಚಿಡಬೇಡಿ. ಅಲ್ಲಿ ನಡುರಾತ್ರಿಯಾಗಿರಲಿ, ಇಲ್ಲಿ ನಡುರಾತ್ರಿಯಾಗಿರಲಿ, ಆ ಗಳಿಗೆಯಲ್ಲೇ ಆಫೀಸಿಗೆ ಫೋನ್ ಮಾಡಿ. ಆ ನಂಬರನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ, ಕಳೆದದ್ದು ಫೋನೇ ಆಗಿರಬಹುದು.

ನಮಸ್ಕಾರ.