ಹಾಲಿನ ಅಂಗಡಿ ಎಲ್ಲೈತವ್ವ?

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಜನವರಿಯ ಒಂದು ಭಾನುವಾರ. ಬೆಂಗಳೂರಿನ ರಾಜರಾಜೇಶ್ವರಿನಗರಕ್ಕೆ ಮನೆ ನೋಡಲು ಹೋಗಿದ್ದೆವು. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ಜೊತೆಗೆ ನಮ್ಮ ಅತ್ತೆ. ಬ್ರೋಕರ್ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಮೂವತ್ತು ನಲವತ್ತರ ಸೈಟು, ಎರಡು ಅಂತಸ್ತು, ಮುಂದೆ ಒಂದು ಹೊಂಗೆ ಮರ. ಅಡುಗೆಮನೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಮಗಳು ಮೇಲಿನ ರೂಮು ನಂದು ಅಂತ ಹೇಳಿಯೂ ಆಗಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇವತ್ತೇ ಅಡ್ವಾನ್ಸ್ ಕೊಟ್ಟುಬಿಡೋಣ ಅನ್ನುವಷ್ಟು ಮನಸ್ಸಾಗಿತ್ತು.

ಅತ್ತೆ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದರು. ರಸ್ತೆಯನ್ನು ಒಂದು ಸಲ ಮೇಲಕ್ಕೆ ನೋಡಿದರು, ಒಂದು ಸಲ ಕೆಳಕ್ಕೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹಾಲಿನ ಅಂಗಡಿ ಎಲ್ಲೈತವ್ವ?" ಅಂದರು.

ನನಗೆ ಗೊತ್ತಿರಲಿಲ್ಲ. ಬ್ರೋಕರಿಗೂ ಗೊತ್ತಿರಲಿಲ್ಲ. "ಈಗ ಎಲ್ಲಾ ಫೋನಲ್ಲೇ ತರಿಸ್ಕೋಬಹುದಲ್ಲಮ್ಮ" ಅಂದರು. ಅತ್ತೆ ಮತ್ತೆ ಏನೂ ಕೇಳಲಿಲ್ಲ. ಸೆರಗು ಹೊದ್ದುಕೊಂಡು ಕಾರಿನಲ್ಲಿ ಹೋಗಿ ಕೂತರು.

ಆ ಪ್ರಶ್ನೆಯೇ ಇವತ್ತು ನನ್ನನ್ನು ನಿಮ್ಮ ಮುಂದೆ ಕರೆದುಕೊಂಡು ಬಂದಿದೆ.

ನಾವು ಹದಿನಾಲ್ಕು ವರ್ಷ ವಿಜಯನಗರದಲ್ಲಿ ಬಾಡಿಗೆಗೆ ಇದ್ದವರು. ಸ್ವಂತ ಮನೆ ಅಂತ ಹೊರಟಾಗ ನಮ್ಮ ಕೈಗೆ ಎಟುಕುವಂತೆ ಕಂಡದ್ದು ಎರಡು ಜಾಗ. ಒಂದು ರಾಜರಾಜೇಶ್ವರಿನಗರ, ಇನ್ನೊಂದು ಕೆಂಗೇರಿ ಉಪನಗರ. ಎರಡೂ ಮೈಸೂರು ರಸ್ತೆಗೆ ಅಂಟಿಕೊಂಡ ಅಕ್ಕಪಕ್ಕದ ಬಡಾವಣೆಗಳು. ಮೆಟ್ರೋದ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿ ತನಕ ಬಂತು. ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ, ಆಮೇಲೆ ಕೆಂಗೇರಿ ಬಸ್ ಟರ್ಮಿನಲ್. ನಡುವೆ ಇರುವುದು ಎರಡೇ ಸ್ಟಾಪು. ನಾವಿಬ್ಬರೂ ಕೆಲಸಕ್ಕೆ ಹೋಗುವುದು ಅದೇ ಮೆಟ್ರೋದಲ್ಲಿ. ಅದರಿಂದ ಎರಡೂ ಒಂದೇ ಅಂದುಕೊಂಡಿದ್ದೆವು. ಯಾವ ಮನೆ ಚೆಂದವೋ ಅದನ್ನು ತಗೊಂಡರಾಯಿತು ಅಂತ.

ಎರಡೂ ಒಂದೇ ಅಲ್ಲ. ಅದು ನಕ್ಷೆಯಲ್ಲಿ ಗೊತ್ತಾಗುವುದಿಲ್ಲ, ನಡೆದರೆ ಗೊತ್ತಾಗುತ್ತದೆ.

ಮುಂದಿನ ಗುರುವಾರ ನಾನು ರಜ ಹಾಕಿದೆ. ಅತ್ತೆಯನ್ನು ಕರೆದುಕೊಂಡು ಮೆಟ್ರೋದಲ್ಲೇ ರಾಜರಾಜೇಶ್ವರಿನಗರಕ್ಕೆ ಹೋದೆ. ನಿಲ್ದಾಣ ಇರುವುದು ಮೈಸೂರು ರಸ್ತೆಯ ಮೇಲೆ, ಆರ್ಚಿನ ಹತ್ತಿರ. ನಾವು ನೋಡಿದ್ದ ಮನೆ ಅಲ್ಲಿಂದ ಒಳಗೆ ಎರಡು ಕಿಲೋಮೀಟರ್. ಆ ಕಡೆಯವರಿಗೆ ಗೊತ್ತು, ರಾಜರಾಜೇಶ್ವರಿನಗರ ಅಂದರೆ ಏರು ತಗ್ಗಿನ ಜಾಗ. ಭಾನುವಾರ ಕಾರಿನಲ್ಲಿ ಹೋಗಿದ್ದರಿಂದ ಆ ಏರು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಈ ಸಲ ಆಟೋದಲ್ಲಿ ಅರ್ಧ ದಾರಿ ಹೋಗಿ, ಉಳಿದದ್ದು ನಡೆಯೋಣ ಅಂದೆ. ಅತ್ತೆಗೆ ಎಪ್ಪತ್ತೊಂದು ವಯಸ್ಸು, ಎಡಗಾಲಿನ ಮಂಡಿ ನೋವು. ಮೊದಲು ಒಂದು ಮೋರಿಯ ಕಟ್ಟೆ ಮೇಲೆ ಕೂತರು. ಆಮೇಲೆ ಒಂದು ಮನೆಯ ಮೆಟ್ಟಿಲ ಮೇಲೆ. ಮೂರನೇ ಸಲ ಕೂರಲು ಜಾಗ ಸಿಗಲಿಲ್ಲ. ಲೈಟ್ ಕಂಬ ಹಿಡಿದುಕೊಂಡು ನಿಂತರು. "ಬೆಟ್ಟ ಹತ್ತಕ್ಕೆ ನಂಗಾಗಕಿಲ್ಲ ಕಣವ್ವ. ನೀವು ಇರಿ, ನಾನು ಒಳಗೇ ಇದ್ಕತೀನಿ" ಅಂದರು.

ಒಳಗೇ ಇದ್ದುಬಿಡುತ್ತೇನೆ. ಆ ಮಾತು ನನಗೆ ತುಂಬಾ ನಾಟಿತು. ಅವರು ಮದ್ದೂರಿನ ಹತ್ತಿರದ ಹಳ್ಳಿಯವರು. ಬೆಳಿಗ್ಗೆ ಎದ್ದು ನಾಲ್ಕು ಜನರ ಹತ್ತಿರ ಮಾತಾಡದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ನಾವಿಬ್ಬರೂ ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಮಗಳು ಬರುವುದು ನಾಲ್ಕಕ್ಕೆ. ಹಾಗಾದರೆ ಈ ಮನೆಯಲ್ಲಿ ಹಗಲೆಲ್ಲಾ ಬದುಕುವವರು ಯಾರು? ಸಾಲ ತೀರಿಸುವವರು ನಾವು, ನಿಜ. ಆದರೆ ಆ ಬೀದಿ ಅವರದ್ದು. ಮನೆ ನೋಡುವಾಗ ನಾವು ನಮ್ಮ ಆಫೀಸಿನ ದೂರ ಅಳೆದೆವು, ಮಗಳ ಸ್ಕೂಲಿನ ದೂರ ಅಳೆದೆವು. ಅವರ ಹಾಲಿನ ಅಂಗಡಿಯ ದೂರ ಅಳೆಯಲಿಲ್ಲ.

ಅವತ್ತಿನಿಂದ ನಾವು ಮನೆ ನೋಡುವುದು ಬಿಟ್ಟು ಬೀದಿ ನೋಡಲು ಶುರು ಮಾಡಿದೆವು.

ಮೊದಲು ನೀರು. 2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರು ಯಾರೂ ಮರೆಯುವುದಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಬಾಯಿಗೆ ಬಂದ ರೇಟು ಕೇಳಿದರು. ಕೊನೆಗೆ ಜಿಲ್ಲಾಡಳಿತವೇ ಮಾರ್ಚ್‌ನಲ್ಲಿ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ, ಹನ್ನೆರಡು ಸಾವಿರಕ್ಕೆ 1,000 ರೂಪಾಯಿ ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರು ತರುವ ಯೋಜನೆ ಅದು. ಪರಿಸ್ಥಿತಿ ಸುಧಾರಿಸುವ ದಾರಿ ಆಯಿತು. ಆದರೆ ನಗರಕ್ಕೆ ನೀರು ಬಂದಿದೆ ಅಂದಮಾತ್ರಕ್ಕೆ ನೀವು ನೋಡಿದ ಮನೆಯ ಸಂಪ್‌ಗೆ, ಅಂದರೆ ನೆಲದೊಳಗಿನ ತೊಟ್ಟಿಗೆ, ಬರುತ್ತದೆ ಅಂತ ಅಲ್ಲ.

"ಇಲ್ಲಿ ನೀರು ಬರುತ್ತಾ?" ಅಂತ ಕೇಳಿದರೆ ಎಲ್ಲರೂ ಬರುತ್ತೆ ಅಂತಲೇ ಹೇಳುತ್ತಾರೆ. ಅದನ್ನು ಕೇಳಬೇಡಿ. "2024ರ ಮಾರ್ಚ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದ್ರಿ?" ಅಂತ ಕೇಳಿ. ಮನೆ ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಒಂದು ಬೀದಿಯಲ್ಲಿ ಒಬ್ಬ ಅಮ್ಮ, "ವಾರಕ್ಕೆ ಎರಡು, ಅದೂ ರಾತ್ರಿ ಹನ್ನೊಂದಕ್ಕೆ ಬರೋನು" ಅಂದರು. ಅದರ ಹಿಂದಿನ ಬೀದಿಯಲ್ಲಿ ಕೇಳಿದರೆ, "ಆ ತಿಂಗಳು ಒಂದೇ ಒಂದು" ಅಂದರು. ನಡುವೆ ಇದ್ದದ್ದು ನೂರು ಮೀಟರ್.

ಹೀಗೇಕೆ ಅಂದರೆ ಅದಕ್ಕೆ ಕಾರಣ ಇದೆ. 2007ರಲ್ಲಿ ಹಳೇ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಾಹತ್ತು ಹಳ್ಳಿ ಸೇರಿಸಿ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಮಾಡಿದರು. ಆ ಒಂದೇ ಒಂದು ಪುರಸಭೆ ನಮ್ಮ ಕೆಂಗೇರಿ. ರಾಜರಾಜೇಶ್ವರಿ ಏಳು ನಗರಸಭೆಗಳಲ್ಲಿ ಒಂದು. 2025ರಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆ ಆಯಿತು. ಹೊರಗಿನ ಈ ಕಡೆಗಳಲ್ಲಿ ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ, ಸೊಸೈಟಿ ಬಡಾವಣೆ, ಹೊಲವನ್ನು ಅನುಮತಿ ಇಲ್ಲದೆ ತುಂಡು ಮಾಡಿದ ರೆವಿನ್ಯೂ ಸೈಟು ಎಲ್ಲಾ ಅಕ್ಕಪಕ್ಕದಲ್ಲೇ ಬೆಳೆದಿವೆ. ಒಂದಕ್ಕೆ ಪೈಪು ಮೊದಲು ಬಂದಿದೆ, ಇನ್ನೊಂದಕ್ಕೆ ಆಮೇಲೆ. ಪಾಲಿಕೆಯ ದಾಖಲೆಯಲ್ಲಿ ಒಂದಕ್ಕೆ ಎಲ್ಲಾ ಸಕ್ರಮವಾಗಿರುವ ಎ ಖಾತೆ, ಪಕ್ಕದ್ದಕ್ಕೆ ಹಾಗಿಲ್ಲದ ಬಿ ಖಾತೆ. ಅದಕ್ಕೇ ಹೇಳುವುದು, ಕೆಂಗೇರಿ ಚೆನ್ನಾಗಿದೆಯಾ ರಾಜರಾಜೇಶ್ವರಿನಗರ ಚೆನ್ನಾಗಿದೆಯಾ ಅಂತ ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಕ್ರಾಸು ಅಂತ ಕೇಳಬೇಕು.

ಇನ್ನು ಮಳೆ. ಮೇ ತಿಂಗಳ ಒಂದು ಸಂಜೆ ಜೋರು ಮಳೆ ಬಂತು. ನಿಂತ ಕೂಡಲೇ ನಮ್ಮ ಯಜಮಾನರು ಸ್ಕೂಟರ್ ತೆಗೆದರು. ಆಗ ನಮ್ಮ ಲಿಸ್ಟಿನಲ್ಲಿ ಇಳಿಜಾರಿನ ಕೆಳಗಿನ ಒಂದು ಮನೆ ಇತ್ತು. ಬೆಲೆ ಸ್ವಲ್ಪ ಕಡಿಮೆ. ಮನೆ ಒಣಗಿಯೇ ಇತ್ತು. ಆದರೆ ನಾನು ನೋಡಿದ್ದು ಎದುರು ಮನೆಯ ಗೇಟು. ಗೇಟಿನ ಎರಡೂ ಕಂಬಕ್ಕೆ ಕಬ್ಬಿಣದ ಚಾನೆಲ್ ಹೊಡೆಸಿದ್ದರು. ಅದರೊಳಗೆ ಮೊಣಕಾಲೆತ್ತರದ ಒಂದು ತಗಡಿನ ಹಲಗೆ ಇಳಿಸಿದ್ದರು, ಅಂಚಿಗೆ ರಬ್ಬರ್ ಪಟ್ಟಿ. ಪಕ್ಕದ ಮನೆಯ ಕಾಂಪೌಂಡಿನಲ್ಲಿ ಬಣ್ಣ ಬಳಿದಿದ್ದರೂ ಕೆಳಗೆ ಒಂದು ಅಡಿ ತನಕ ಕಂದು ಗೆರೆ ಕಾಣುತ್ತಿತ್ತು. ಯಾರನ್ನೂ ಏನೂ ಕೇಳುವ ಅಗತ್ಯ ಬೀಳಲಿಲ್ಲ. ಒಂದು ಬೀದಿಯಲ್ಲಿ ನೀರು ನುಗ್ಗುತ್ತದೋ ಇಲ್ಲವೋ ಅಂತ ತಿಳಿಯಬೇಕಾದರೆ ಗೇಟುಗಳನ್ನು ನೋಡಿ, ಹೊಸಿಲು ಎಷ್ಟು ಎತ್ತರಿಸಿದ್ದಾರೆ ನೋಡಿ.

ಮಳೆನೀರು ಹರಿಯುವ ರಾಜಕಾಲುವೆ ಹತ್ತಿರ ಇದ್ದರೆ ಇನ್ನೊಂದು ಲೆಕ್ಕವೂ ಇದೆ. 2015ರ ಮಹಾಯೋಜನೆಯಲ್ಲಿ, ಅಂದರೆ ನಗರದ ಮಾಸ್ಟರ್ ಪ್ಲಾನಿನಲ್ಲಿ, ದೊಡ್ಡ ಕಾಲುವೆಗೆ 50 ಮೀಟರ್, ಮಧ್ಯದ್ದಕ್ಕೆ 25, ಸಣ್ಣದಕ್ಕೆ 15 ಮೀಟರ್ ಬಿಡಬೇಕು ಅಂತ ಇದೆ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸೈಟಿನ ಮೇಲೆ ನಿಂತು ನೋಡಿದರೆ ಸರ್ವೆ ನಂಬರು ಸಿಗುತ್ತದೆ. ಅದನ್ನು ಇಟ್ಟುಕೊಂಡು ವಕೀಲರ ಹತ್ತಿರ ಹೋಗಿ. ಇ-ಖಾತೆ, ಮೂವತ್ತು ವರ್ಷದ ಇ.ಸಿ. ಅಂದರೆ ಋಣಭಾರ ಪತ್ರ, ಹಿಂದಿನ ಮಾಲೀಕರ ತಾಯಿಪತ್ರ, ಇವು ನಿಮಗೆಲ್ಲಾ ಗೊತ್ತಿರುವುದೇ, ಜಾಸ್ತಿ ಹೇಳುವುದಿಲ್ಲ. ದುಡ್ಡಿನ ಬಗ್ಗೆ ಒಂದೇ ಮಾತು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಒಂದು ಪರ್ಸೆಂಟಿನಿಂದ ಎರಡು ಪರ್ಸೆಂಟ್ ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲಾ ಸೇರಿ ನಗರದಲ್ಲಿ 7.6 ಪರ್ಸೆಂಟ್ ಬೀಳುತ್ತದೆ. ಕೋಟಿ ರೂಪಾಯಿಯ ಮನೆಗೆ ಏಳು ಲಕ್ಷ ಅರವತ್ತು ಸಾವಿರ. ನಮ್ಮ ರಿಜಿಸ್ಟ್ರೇಷನ್ ಆದದ್ದು ಸೆಪ್ಟೆಂಬರ್‌ನಲ್ಲಿ. ಕಷ್ಟವಾಯಿತು. ಅದನ್ನು ಮೊದಲೇ ಎತ್ತಿಟ್ಟುಕೊಂಡು ಮನೆ ಹುಡುಕಿ.

ಕೆಂಗೇರಿಯಲ್ಲಿ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ವೃಷಭಾವತಿ ಇದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಹೆಸರು ಪಡೆದ ನದಿ. ಮೈಸೂರು ರಸ್ತೆಯ ಜೊತೆಜೊತೆಗೇ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಹೋಗುತ್ತಾಳೆ. ಈಗ ಅವಳ ಮೈತುಂಬ ಊರಿನ ಕೊಳಚೆ. ಅತ್ತೆ ಮೊದಲ ಸಲ ಸೇತುವೆ ಮೇಲೆ ನೊರೆ ನೋಡಿ ಕೈ ಮುಗಿದರು, ಆಮೇಲೆ ಮೂಗು ಮುಚ್ಚಿಕೊಂಡರು. ನನಗೆ ಆ ಎರಡೂ ಒಟ್ಟಿಗೆ ನೋಡಿ ಸಂಕಟವಾಯಿತು. ಒಂದು ನದಿಯನ್ನು ನಾವು ಎಲ್ಲಿಗೆ ತಂದು ನಿಲ್ಲಿಸಿದ್ದೇವೆ ನೋಡಿ.

ಆ ವಾಸನೆ ಹಗಲು ಹನ್ನೊಂದಕ್ಕೆ ಹೋದರೆ ನಿಮಗೆ ಗೊತ್ತೇ ಆಗದಿರಬಹುದು. ನಾವು ನೋಡಿದ ಒಂದು ಮನೆ ಹಾಗೇ ಇತ್ತು. ಸಂಜೆ ಏಳೂವರೆಗೆ ಹೋಗಿ ನಿಂತಾಗ ಗಾಳಿ ಈ ಕಡೆ ತಿರುಗಿತ್ತು. ಮನೆಯವರು ಕಿಟಕಿಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ನಾಲ್ಕು ಬೀದಿ ಆಚೆ ಹೋದರೆ ಏನೂ ಇಲ್ಲ, ಜನ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಅದಕ್ಕೇ ಒಂದು ಮನೆಯನ್ನು ಕಡಿಮೆ ಅಂದರೂ ನಾಲ್ಕು ಹೊತ್ತಿನಲ್ಲಿ ನೋಡಿ. ಬೆಳಿಗ್ಗೆ ಆರೂವರೆಗೆ, ಕೆಲಸದ ದಿನ ಒಂಬತ್ತಕ್ಕೆ, ಸಂಜೆ ಕತ್ತಲಾದ ಮೇಲೆ, ಮಳೆ ಬಂದ ದಿನ. ಭಾನುವಾರ ಹತ್ತೂವರೆಗೆ ಯಾವ ಬಡಾವಣೆಯಾದರೂ ಚೆನ್ನಾಗಿಯೇ ಕಾಣುತ್ತದೆ.

ಕೊನೆಗೆ ನಾವು ತಗೊಂಡದ್ದು ಉಪನಗರದಲ್ಲಿ, ಆ ನಾಲ್ಕು ಬೀದಿ ಆಚೆ. ಇಪ್ಪತ್ತು ವರ್ಷದ ಹಳೇ ಮನೆ. ಅಡುಗೆಮನೆ ಚಿಕ್ಕದು, ಹಗಲಲ್ಲೂ ಲೈಟ್ ಹಾಕಬೇಕು. ಆ ಹೊಂಗೆ ಮರ, ಆ ಬಿಸಿಲು ನನಗೆ ಈಗಲೂ ನೆನಪಾಗುತ್ತದೆ. ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಆದರೆ ಬೀದಿ ಸಮನಾಗಿದೆ. ಮೆಟ್ರೋಗೆ ನಡೆದು ಹೋಗಬಹುದು. ಬಸ್ಸು ಪಕ್ಕದಲ್ಲೇ. ಮೂಲೆಯಲ್ಲಿ ಹಾಲಿನ ಬೂತ್, ಅದರ ಪಕ್ಕ ಬೆಳಿಗ್ಗೆ ಸೊಪ್ಪಿನ ತಳ್ಳುಗಾಡಿ ನಿಲ್ಲುತ್ತದೆ. ಇನ್ನೊಂದು ಅನುಕೂಲವನ್ನು ನಾವು ಯೋಚಿಸಿಯೇ ಇರಲಿಲ್ಲ, ಅತ್ತೆ ಹೇಳಿದ ಮೇಲೆ ಹೊಳೆಯಿತು. ಮೈಸೂರು ಕಡೆಯ ಹಲವು ರೈಲುಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ. ಮದ್ದೂರಿನಲ್ಲಿ ಹತ್ತಿದರೆ ನೇರ ಇಲ್ಲಿ ಇಳಿಯಬಹುದು, ಮೆಜೆಸ್ಟಿಕ್ ತನಕ ಹೋಗಿ ವಾಪಸ್ ಬರಬೇಕಿಲ್ಲ.

ನನ್ನ ನಾದಿನಿ ಮನೆ ತಗೊಂಡದ್ದು ರಾಜರಾಜೇಶ್ವರಿನಗರದಲ್ಲೇ. ಅವಳ ಕೆಲಸ ಪಟ್ಟಣಗೆರೆಯ ಟೆಕ್ ಪಾರ್ಕಿನಲ್ಲಿ, ಸ್ಕೂಟರಿನಲ್ಲಿ ಹತ್ತು ನಿಮಿಷ. ಮಕ್ಕಳ ಸ್ಕೂಲ್ ಬಸ್ಸು ಬಾಗಿಲಿಗೇ ಬರುತ್ತದೆ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅವರಿಗೆ ಆ ಏರು ಏನೂ ಅಲ್ಲ, ಸಂಜೆ ಮಹಡಿ ಮೇಲಿನ ಗಾಳಿಗೆ ಅವರು ಆ ಮನೆ ಮೆಚ್ಚಿದ್ದು. ಅವಳ ಆಯ್ಕೆ ಅವಳ ಮನೆಗೆ ಸರಿಯಾಗಿದೆ. ನೀವು ಮನೆ ನೋಡುತ್ತಿದ್ದರೆ ನಿಮ್ಮಲ್ಲಿ ಹಗಲು ಹೊತ್ತು ಯಾರು ಇರುತ್ತಾರೆ ಅಂತ ಮೊದಲು ನೋಡಿಕೊಳ್ಳಿ. ಅವರನ್ನು ಕರೆದುಕೊಂಡು ಹೋಗಿ. ಕಾರಿನಲ್ಲಿ ಬೇಡ.

ಮೊನ್ನೆ ಶನಿವಾರ ನಾನು ಎದ್ದಾಗ ಅತ್ತೆ ಮನೆಯಲ್ಲಿ ಇರಲಿಲ್ಲ. ಚೀಲವೂ ಇರಲಿಲ್ಲ. ಏಳೂವರೆ ಆಯಿತು, ಎಂಟಾಯಿತು. ಗಾಬರಿಯಾಗಿ ಬಾಗಿಲಿಗೆ ಬಂದು ನಿಂತೆ. ಬೀದಿಯ ಕೊನೆಯಲ್ಲಿ ಒಂದು ಆಟೋ ನಿಂತಿತು. ಅತ್ತೆ ಇಳಿದರು, ಅವರ ಹಿಂದೆ ಮದ್ದೂರಿನ ಚಿಕ್ಕತ್ತೆ ಇಳಿದರು. ಬೆಳಗಿನ ರೈಲಿಗೆ ಬಂದಿದ್ದ ತಂಗಿಯನ್ನು ಕರೆತರಲು ಅತ್ತೆ ಒಬ್ಬರೇ ಸ್ಟೇಷನ್ನಿಗೆ ಹೋಗಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ. ಮೂಲೆಯಲ್ಲಿ ಆಟೋ ಬಿಟ್ಟು, ಬೂತಿನಲ್ಲಿ ಎರಡು ಹಾಲಿನ ಪ್ಯಾಕೆಟ್ ತಗೊಂಡು, ಇಬ್ಬರೂ ಮಾತಾಡಿಕೊಂಡು ನಿಧಾನವಾಗಿ ನಡೆದುಕೊಂಡು ಬಂದರು.

ನಮಸ್ಕಾರ.